ಚಕ್ರ ಕಳಚಿದ ಮನೆಗೆ ಟೈಟಲ್ ಇನ್ಶೂರೆನ್ಸ್ ಸಿಗುತ್ತಾ?

ಅಮೆರಿಕದಲ್ಲಿ ಮನೆ ಕೊಳ್ಳುವವರ ಖರ್ಚುವೆಚ್ಚದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಾಗ ಟೈಟಲ್ ಇನ್ಶೂರೆನ್ಸ್‌ಗೆ, ಅಂದರೆ ಆಸ್ತಿಯ ಹಕ್ಕಿನಲ್ಲಿ ಹಳೇ ಹುಳುಕು ಮೇಲೆ ಬಂದರೆ ನಷ್ಟ ಕಟ್ಟಿಕೊಡುವ ವಿಮೆಗೆ, ನಾಲ್ಕೇ ಸಾಲು ಕೊಟ್ಟಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮೊಬೈಲ್ ಹೋಮ್, ಮ್ಯಾನುಫ್ಯಾಕ್ಚರ್ಡ್ ಹೋಮ್ ಕೊಂಡವರದ್ದು, ಇಲ್ಲವೇ ಕೊಳ್ಳಬೇಕು ಅಂತಿರುವವರದ್ದು. ಆಶ್ಚರ್ಯವೇನಿಲ್ಲ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮಾಮೂಲಿ ಮನೆಯ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಟೆಕ್ಸಸ್‌ನಲ್ಲಿ ಊರಾಚೆ ಒಂದೆರಡು ಎಕರೆ ಜಾಗ, ಅದರ ಮೇಲೆ ಕಾರ್ಖಾನೆಯಲ್ಲಿ ಕಟ್ಟಿ ತಂದಿಟ್ಟ ಮನೆ, ಎರಡೂ ಸೇರಿ ಕೈಗೆಟುಕುವ ಬೆಲೆಗೆ ಸಿಗುತ್ತೆ ಅಂದರೆ ಯಾರಿಗೆ ಬೇಡ? ಆದರೆ ಈ ಮನೆಗಳ ಕಾಗದಪತ್ರದ ದಾರಿಯೇ ಬೇರೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಟಾಸ್ಮನ್ ಡ್ರೈವ್ ಕಡೆಯ ಒಂದು ಪಾರ್ಕ್‌ನಲ್ಲಿ ಎರಡು ಬೆಡ್‌ರೂಮಿನ ಮೊಬೈಲ್ ಹೋಮ್ ನೋಡಿದ್ದೇವೆ. ಮನೆ ನಮ್ಮದಾಗುತ್ತೆ, ಜಾಗಕ್ಕೆ ತಿಂಗಳ ಬಾಡಿಗೆ. ಟೈಟಲ್ ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತ ಕೇಳಿದರೆ ಏಜೆಂಟ್ "ಇದಕ್ಕೆಲ್ಲಾ ಅದು ಬರಲ್ಲ" ಅಂತ ನಕ್ಕುಬಿಟ್ಟರು. ನನ್ನ ಹೆಂಡತಿಗೆ ಆವತ್ತಿನಿಂದ ಅನುಮಾನ. ಇದರಲ್ಲಿ ಏನಾದರೂ ಮೋಸ ಇದೆಯಾ?
ಸನ್ನಿವೇಲ್, ಕ್ಯಾಲಿಫೋರ್ನಿಯಾ

ಉತ್ತರ: ನಗಬಾರದಿತ್ತು. ಆದರೆ ಅವರು ಹೇಳಿದ್ದು ಸರಿ.

ಟೈಟಲ್ ಇನ್ಶೂರೆನ್ಸ್ ಅನ್ನೋದು ನೆಲಕ್ಕೆ ಮತ್ತು ನೆಲಕ್ಕೆ ಸೇರಿಹೋದದ್ದಕ್ಕೆ ಕೊಡುವ ವಿಮೆ. ಪಾರ್ಕ್‌ನಲ್ಲಿ ನೆಲ ಪಾರ್ಕ್ ಮಾಲೀಕರದ್ದು. ನೀವು ಕೊಳ್ಳುತ್ತಿರುವುದು ಮನೆ ಮಾತ್ರ, ಕಾನೂನಿನ ಪ್ರಕಾರ ಅದು ಚರಾಸ್ತಿ. ಅದಕ್ಕೆ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ (ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ ಇದ್ದ ಹಾಗೆ) ಕ್ರಯಪತ್ರ ಆಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಮನೆಗಳ ನೋಂದಣಿ ಮೊದಲು ಡಿಎಂವಿಯಲ್ಲೇ, ಅಂದರೆ ನಿಮ್ಮ ಕಾರು ನೋಂದಣಿ ಆಗುವ ಕಡೆಯೇ ಆಗುತ್ತಿತ್ತು. 1980ರ ದಶಕದ ಶುರುವಿನಿಂದ ಅದನ್ನು ರಾಜ್ಯದ ವಸತಿ ಇಲಾಖೆ, ಎಚ್‌ಸಿಡಿ ನೋಡಿಕೊಳ್ಳುತ್ತಿದೆ. ಕಚೇರಿ ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಒಂದು ಡೆಕಲ್ (ಮನೆಗೆ ಅಂಟಿಸುವ ನೋಂದಣಿ ಚೀಟಿ) ನಂಬರು, ಒಂದು ಸೀರಿಯಲ್ ನಂಬರು, ಒಂದು ಟೈಟಲ್ ಸರ್ಟಿಫಿಕೇಟ್.

ಆ ಸರ್ಟಿಫಿಕೇಟ್‌ನಲ್ಲಿ ರಿಜಿಸ್ಟರ್ಡ್ ಓನರ್ ಅಂತ ಒಬ್ಬರ ಹೆಸರು, ಲೀಗಲ್ ಓನರ್ ಅಂತ ಇನ್ನೊಬ್ಬರ ಹೆಸರು ಇರಬಹುದು. ಹೆದರಬೇಡಿ. ಲೀಗಲ್ ಓನರ್ ಅಂದರೆ ಸಾಲ ಕೊಟ್ಟವರು. ನಮ್ಮೂರಲ್ಲಿ ಬೈಕಿನ ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಶನ್ ಹೊಡೆದಿರುತ್ತಲ್ಲ, ಹಾಗೆ. ಅದು ತೆಗೆಸದೆ ಬೈಕ್ ಕೊಂಡರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಇದರ ಕೆಳಗೆ ಜೂನಿಯರ್ ಲೀನ್‌ಹೋಲ್ಡರ್ ಅಂತ ಸಾಲ ಕೊಟ್ಟ ಮತ್ತೊಬ್ಬರ ಹೆಸರೂ ಇರಬಹುದು. ಲೀನ್ ಅಂದರೆ ಬಾಕಿಗಾಗಿ ಮನೆಯ ಮೇಲೆ ಇರುವ ಹಕ್ಕು. ಅದನ್ನೂ ನೋಡಿ.

ಹಾಗಾಗಿ ವಿಮೆ ಇಲ್ಲದಿದ್ದರೂ ಹುಡುಕಾಟ ನೀವೇ ಮಾಡಿಸಬೇಕು. ಮೊದಲು ಡೆಕಲ್ ನಂಬರು ಕೊಟ್ಟು ಎಚ್‌ಸಿಡಿಯಿಂದ ಟೈಟಲ್ ಸರ್ಚ್ ತರಿಸಿ. ಮಾರುವವರು ತೋರಿಸುವ ಹಳೇ ಸರ್ಟಿಫಿಕೇಟ್ ನಂಬಿಕೊಂಡು ಕೂರಬೇಡಿ, ಅದರ ಮೇಲಿನ ವಿವರ ಅದು ಪ್ರಿಂಟ್ ಆದ ದಿನದ್ದು. ಆಮೇಲೆ ಕಂದಾಯ. 1980ರ ಜುಲೈ 1ರಿಂದೀಚೆಗೆ ಹೊಸದಾಗಿ ಮಾರಾಟವಾದ ಮನೆಗಳಿಗೆ ಸ್ಥಳೀಯ ಆಸ್ತಿ ತೆರಿಗೆ ಇದೆ. ಅಂಥ ಮನೆಗೆ ಕೌಂಟಿ ತೆರಿಗೆ ಕಚೇರಿಯಿಂದ ಟ್ಯಾಕ್ಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬರದ ಹೊರತು ಎಚ್‌ಸಿಡಿಯವರು ನಿಮ್ಮ ಹೆಸರಿಗೆ ಮಾಡಿಕೊಡುವುದಿಲ್ಲ. ಅದಕ್ಕಿಂತ ಹಳೆಯ ಮನೆಗಳಲ್ಲಿ ಬಹಳಷ್ಟಕ್ಕೆ ಅದರ ಬದಲು ರಾಜ್ಯಕ್ಕೆ ವರ್ಷವರ್ಷ ಶುಲ್ಕ ಕಟ್ಟುವ ಪದ್ಧತಿ. ಅದು ಎಷ್ಟು ವರ್ಷದ್ದು ಬಾಕಿ ಇದೆ ಅಂತ ಕೇಳಿ. ಮೂರನೆಯದು ಪಾರ್ಕ್. ಪಾರ್ಕ್‌ನವರು ನಿಮ್ಮನ್ನು ಬಾಡಿಗೆದಾರರಾಗಿ ಒಪ್ಪಿ ಕರಾರು ಆಗದಿದ್ದರೆ ಮನೆ ನಿಮ್ಮದಾದರೂ ಅಲ್ಲಿ ಇರುವ ಹಕ್ಕು ನಿಮಗಿಲ್ಲ. ಇದನ್ನು ಕೊನೆಗೆ ನೋಡೋಣ ಅಂತ ಬಿಡುವವರೇ ಜಾಸ್ತಿ, ನನ್ನ ಕೇಳಿದರೆ ಇದೇ ಮೊದಲು ಆಗಬೇಕಾದ ಕೆಲಸ.

ಡೀಲರ್ ಮೂಲಕ ಕೊಳ್ಳುವುದಾದರೆ ದುಡ್ಡು ಎಸ್ಕ್ರೋ ಮೂಲಕವೇ, ಅಂದರೆ ವ್ಯವಹಾರ ಮುಗಿಯುವ ತನಕ ದುಡ್ಡು ಹಿಡಿದಿಟ್ಟುಕೊಳ್ಳುವ ಮೂರನೆಯವರ ಮೂಲಕವೇ ಹೋಗಬೇಕು ಅಂತ ಕ್ಯಾಲಿಫೋರ್ನಿಯಾದ ಕಾನೂನಿದೆ. ಮಾಲೀಕರಿಂದ ನೇರವಾಗಿ ಕೊಳ್ಳುವುದಾದರೆ ಆ ಕಡ್ಡಾಯ ಇಲ್ಲ. ಕಡ್ಡಾಯ ಇಲ್ಲದಿದ್ದರೂ ಎಸ್ಕ್ರೋ ಇಟ್ಟುಕೊಳ್ಳಿ, ಮೊಬೈಲ್ ಹೋಮ್ ಕೆಲಸ ಗೊತ್ತಿರುವ ಎಸ್ಕ್ರೋ. ನಿಮ್ಮ ಹೆಂಡತಿಯವರಿಗೆ ಬಂದ ಅನುಮಾನ ಒಳ್ಳೆಯದೇ, ಅದನ್ನು ಈ ಮೂರು ಕಡೆ ತಿರುಗಿಸಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಗ ಅಮೆರಿಕದಲ್ಲಿ ಮನೆ ತೆಗೆದುಕೊಳ್ಳುತ್ತಿದ್ದಾನೆ. ಟೈಟಲ್ ಇನ್ಶೂರೆನ್ಸ್ ಅಂತ ದೊಡ್ಡ ಮೊತ್ತ ಕಟ್ಟಬೇಕಂತೆ. ನಮ್ಮಲ್ಲಿ ಇಸಿ ತೆಗೆಸಿ, ವಕೀಲರ ಹತ್ತಿರ ಲೀಗಲ್ ಒಪಿನಿಯನ್ ತೆಗೆದುಕೊಂಡು ಮುಗಿಸುತ್ತೇವೆ. ಅವರಿಗೇಕೆ ಇದು?
ಮೈಸೂರು

ಉತ್ತರ: ಸರ್, ನಿಮ್ಮ ಪ್ರಶ್ನೆ ಹುಟ್ಟಿದ್ದು ಮೈಸೂರಲ್ಲಿ, ಅದರ ಉತ್ತರ 1868ರ ಫಿಲಡೆಲ್ಫಿಯಾದಲ್ಲಿದೆ.

ಆಗ ಅಲ್ಲೂ ನಮ್ಮ ಹಾಗೇ ನಡೆಯುತ್ತಿತ್ತು. ಆಸ್ತಿ ಪತ್ರಗಳನ್ನು ಹುಡುಕಿಕೊಡುವ ಮ್ಯೂರ್‌ಹೆಡ್ ಎಂಬುವರು ಇದ್ದರು. ಕೊಳ್ಳುವವರು ವಾಟ್ಸನ್. ಹುಡುಕುವಾಗ ಆಸ್ತಿಯ ಹಿಂದಿನ ಒಡೆಯರ ಮೇಲೆ ಒಂದು ಕೋರ್ಟ್ ತೀರ್ಪಿನ ಬಾಕಿ ಕಣ್ಣಿಗೆ ಬಿತ್ತು. ವಕೀಲರನ್ನು ಕೇಳಿದರು. ಅದು ಈ ಆಸ್ತಿಗೆ ತಗಲುವುದಿಲ್ಲ ಅಂತ ವಕೀಲರ ಅಭಿಪ್ರಾಯ ಬಂತು. ಅದನ್ನು ನಂಬಿ ಮ್ಯೂರ್‌ಹೆಡ್ ಪರವಾಗಿಲ್ಲ ಅಂದರು. ವಾಟ್ಸನ್ ಕೊಂಡರು. ಆ ಬಾಕಿ ಆಸ್ತಿಗೆ ತಗಲಿಯೇ ತಗಲಿತು. ಕೋರ್ಟಿಗೆ ಹೋದರೆ, ಮ್ಯೂರ್‌ಹೆಡ್ ವಕೀಲರ ಮಾತು ಕೇಳಿ ನಡೆದುಕೊಂಡಿದ್ದಾರೆ, ಅದು ನಿರ್ಲಕ್ಷ್ಯ ಅಲ್ಲ ಅಂತ ಪೆನ್ಸಿಲ್ವೇನಿಯಾ ಸುಪ್ರೀಂ ಕೋರ್ಟು ಹೇಳಿತು. ಅಂದರೆ ಎಲ್ಲರೂ ಸರಿಯಾಗೇ ಕೆಲಸ ಮಾಡಿದ್ದಾರೆ, ದುಡ್ಡು ಮಾತ್ರ ವಾಟ್ಸನ್‌ದು ಹೋಯಿತು. ಇದಾದ ಮೇಲೆ ರಾಜ್ಯದಲ್ಲಿ ಕಾನೂನು ಬಂತು, 1876ರಲ್ಲಿ ಫಿಲಡೆಲ್ಫಿಯಾದಲ್ಲೇ ಮೊದಲ ಟೈಟಲ್ ಇನ್ಶೂರೆನ್ಸ್ ಕಂಪನಿ ಶುರುವಾಯಿತು.

ನಮ್ಮ ವಕೀಲರ ಒಪಿನಿಯನ್ನೂ ಅಷ್ಟೇ ಅಲ್ವಾ ಸರ್. ಕೊನೇ ಪ್ಯಾರಾದಲ್ಲಿ "ನನಗೆ ತೋರಿಸಿದ ದಾಖಲೆಗಳ ಆಧಾರದ ಮೇಲೆ" ಅಂತ ಒಂದು ಸಾಲು ಇದ್ದೇ ಇರುತ್ತೆ. ಇಸಿಯಲ್ಲಿ ಬರುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದದ್ದು. ನೋಂದಣಿ ಆಗದ ವಿಲ್ಲು, ಸುಳ್ಳು ಸಹಿ, ವಂಶವೃಕ್ಷದಲ್ಲಿ ಬಿಟ್ಟುಹೋದ ತಂಗಿ, ಇವು ಇಸಿಯಲ್ಲಿ ಕಾಣುವುದಿಲ್ಲ. ಟೈಟಲ್ ಇನ್ಶೂರೆನ್ಸ್ ಇರುವುದು ಇಂಥದ್ದಕ್ಕೆ. ಮನೆ ಕೊಳ್ಳುವ ದಿನ ಒಂದೇ ಸಲ ಕಂತು ಕಟ್ಟಿದರೆ ಮುಗಿಯಿತು. ಆ ದಿನಕ್ಕೆ ಹಿಂದೆ ಏನಾದರೂ ಹುಳುಕು ಇದ್ದು ಈಗ ಮೇಲೆ ಬಂದರೆ ಕಂಪನಿ ವಕೀಲರನ್ನಿಟ್ಟು ವಾದ ಮಾಡಿಸುತ್ತೆ, ಸೋತರೆ ಪಾಲಿಸಿಯ ಮೊತ್ತದ ಒಳಗೆ ನಷ್ಟ ಕಟ್ಟಿಕೊಡುತ್ತೆ. ಬೆಂಕಿ, ಬಿರುಗಾಳಿ, ಕಳ್ಳತನ ಇದರಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ವಿಮೆ.

ಮಗನಿಗೆ ಒಂದು ಮಾತು ಹೇಳಿ. ಪಾಲಿಸಿ ಎರಡು ಥರ. ಸಾಲ ಕೊಟ್ಟವರ ಪಾಲಿಸಿ, ಒಡೆಯರ ಪಾಲಿಸಿ. ಸಾಲ ಕೊಟ್ಟವರದ್ದು ಅವರ ದುಡ್ಡನ್ನು ಮಾತ್ರ ಕಾಯುತ್ತೆ, ಕಂತು ಮಾತ್ರ ನಾವೇ ಕಟ್ಟುತ್ತೇವೆ! ಒಡೆಯರ ಪಾಲಿಸಿ ಬೇರೆಯಾಗಿ ಇದೆಯೇ ಅಂತ ಕೇಳಿಸಿ. ಇನ್ನೊಂದು ಸ್ವಾರಸ್ಯ ಗೊತ್ತಾ? ಅಯೋವಾ ರಾಜ್ಯದಲ್ಲಿ ಟೈಟಲ್ ಇನ್ಶೂರೆನ್ಸ್ ಮಾರುವಂತೆಯೇ ಇಲ್ಲ. ಅಲ್ಲಿ ಅದರ ಬದಲು ಸರ್ಕಾರವೇ ಟೈಟಲ್ ಗ್ಯಾರಂಟಿ ಕೊಡುತ್ತೆ.

ನಮ್ಮಲ್ಲಿ ರೇರಾ ಕಾನೂನಿನ 16ನೇ ಕಲಂನಲ್ಲಿ ಬಿಲ್ಡರ್‌ಗಳು ಜಾಗದ ಹಕ್ಕಿಗೆ ವಿಮೆ ಮಾಡಿಸಬೇಕು ಅನ್ನುವ ಮಾತಿದೆ, ಸರ್ಕಾರ ಅಧಿಸೂಚನೆ ಹೊರಡಿಸಿದರೆ. ಸೈಟು ಕೊಳ್ಳುವ ಮಾಮೂಲಿ ಜನಕ್ಕೆ ಸದ್ಯಕ್ಕೆ ವಕೀಲರೇ ಗತಿ.

ಪ್ರಶ್ನೆ: ಆಸ್ಟಿನ್ ಆಚೆ ಬ್ಯಾಸ್ಟ್ರಾಪ್ ಕೌಂಟಿಯಲ್ಲಿ ಎರಡೆಕರೆ ಜಾಗ, ಅದರಲ್ಲಿದ್ದ ಡಬಲ್‌ವೈಡ್ (ಎರಡು ಭಾಗವಾಗಿ ತಂದು ಜೋಡಿಸಿದ) ಮನೆ ಸಮೇತ ಕೊಂಡೆವು. ಸಾಲ ಇಲ್ಲ, ಪೂರ್ತಿ ಕೈಯಿಂದಲೇ ಕೊಟ್ಟಿದ್ದು. ಟೈಟಲ್ ಕಂಪನಿಯಲ್ಲೇ ಕ್ಲೋಸಿಂಗ್ (ಕ್ರಯದ ಕೊನೇ ಸಹಿ, ಹಣ ಪಾವತಿ) ಆಯಿತು, ಪಾಲಿಸಿಯೂ ಇದೆ. ಈಗ ಮನೆ ಮೇಲೆ ಸಾಲ ಕೇಳಿದರೆ "ನಿಮ್ಮ ಪಾಲಿಸಿ ಬರೀ ಜಾಗಕ್ಕೆ, ಮನೆ ಇನ್ನೂ ಹಳೇ ಓನರ್ ಹೆಸರಲ್ಲೇ ಇದೆ" ಅಂತಾರೆ. ಕಣ್ಣೆದುರಿಗೆ ಮನೆ ಇದೆ, ನಾವು ಅದರಲ್ಲೇ ಮಲಗಿ ಏಳುತ್ತಿದ್ದೇವೆ. ಇದು ಹೇಗೆ ಸಾಧ್ಯ?
ಬ್ಯಾಸ್ಟ್ರಾಪ್, ಟೆಕ್ಸಸ್

ಉತ್ತರ: ಸಾಧ್ಯ. ಈ ಸಲದ ಪತ್ರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮದೇ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಿಮ್ಮ ಪಾಲಿಸಿ ತೆಗೆಯಿರಿ. ಶೆಡ್ಯೂಲ್ ಎ ಅನ್ನುವ ಪುಟದಲ್ಲಿ ಜಾಗದ ವಿವರ ಇರುತ್ತೆ. ಲಾಟ್, ಬ್ಲಾಕ್, ಸರ್ವೆ, ಇಷ್ಟು ಅಡಿ ಪೂರ್ವಕ್ಕೆ, ಇಷ್ಟು ಅಡಿ ದಕ್ಷಿಣಕ್ಕೆ. ಇಡೀ ಪುಟದಲ್ಲಿ ಮನೆ ಅನ್ನುವ ಮಾತೇ ಇಲ್ಲದಿರಬಹುದು. ಅದು ತಪ್ಪಲ್ಲ, ಇಟ್ಟಿಗೆ ಮನೆಗೂ ಹಾಗೇ ಬರೆಯುತ್ತಾರೆ. ಈಗ ಹಿಂದಿನ ಪುಟಗಳಲ್ಲಿ ಸಣ್ಣಕ್ಷರದ ವ್ಯಾಖ್ಯೆಗಳಿಗೆ ಹೋಗಿ, ಜಾಗ ಅಂದರೆ ಏನು ಅಂತ ಹೇಳಿರುವ ಕಡೆ ಬೆರಳಿಟ್ಟು ಓದಿ. ಶೆಡ್ಯೂಲ್ ಎಯಲ್ಲಿ ಬರೆದ ನೆಲ, ಮತ್ತು ಆ ನೆಲಕ್ಕೆ ಸೇರಿಸಿ ಕಟ್ಟಿದವುಗಳಲ್ಲಿ ಕಾನೂನಿನ ಪ್ರಕಾರ ಸ್ಥಿರಾಸ್ತಿ ಆಗುವಂಥದ್ದು ಅಂತ ಇರುತ್ತೆ. ಇಟ್ಟಿಗೆ ಮನೆ ಕಟ್ಟಿದ ದಿನವೇ ಸ್ಥಿರಾಸ್ತಿ. ನಿಮ್ಮದು ಕಾರ್ಖಾನೆಯಿಂದ ಚಕ್ರದ ಮೇಲೆ ಬಂದ ಮನೆ. ಅದನ್ನು ಸ್ಥಿರಾಸ್ತಿ ಮಾಡಿಸಿಕೊಳ್ಳುವ ತನಕ ಅದು ಚರಾಸ್ತಿಯೇ. ಕಾಂಕ್ರೀಟ್ ಪಾಯ ಇರಲಿ, ಸುತ್ತ ಗುಲಾಬಿ ಗಿಡ ಇರಲಿ, ವರಾಂಡ ಹಾಕಿಸಿರಲಿ, ಕಾಗದ ಬದಲಾಗದೆ ಮನೆ ಬದಲಾಗುವುದಿಲ್ಲ.

ಟೆಕ್ಸಸ್‌ನಲ್ಲಿ ಈ ಕಾಗದದ ಹೆಸರು ಸ್ಟೇಟ್‌ಮೆಂಟ್ ಆಫ್ ಓನರ್‌ಶಿಪ್. ಕೊಡುವುದು ಕೌಂಟಿ ಅಲ್ಲ, ಟಿಡಿಎಚ್‌ಸಿಎ ಅನ್ನುವ ರಾಜ್ಯ ಇಲಾಖೆಯ ಮ್ಯಾನುಫ್ಯಾಕ್ಚರ್ಡ್ ಹೌಸಿಂಗ್ ವಿಭಾಗ. ಅಂದರೆ ನೆಲದ ಲೆಕ್ಕ ಕೌಂಟಿಯಲ್ಲಿ, ಮನೆಯ ಲೆಕ್ಕ ರಾಜ್ಯದಲ್ಲಿ. ನಿಮ್ಮ ಕ್ರಯಪತ್ರ ನೆಲವನ್ನು ನಿಮ್ಮ ಹೆಸರಿಗೆ ತಂದಿತು. ಮನೆಯನ್ನು ತರಲು ರಾಜ್ಯಕ್ಕೆ ಬೇರೆ ಅರ್ಜಿ ಹೋಗಬೇಕಿತ್ತು, ಮಾರಿದವರೂ ಕೊಂಡವರೂ ಸಹಿ ಹಾಕಿ. ಅದು ಹೋಗಿಲ್ಲ. ಸಾಲ ತೆಗೆದು ಕೊಂಡಿದ್ದರೆ ಬ್ಯಾಂಕಿನವರು ಆಗಲೇ ಪೀಡಿಸಿ ಮಾಡಿಸಿರುತ್ತಿದ್ದರು. ಪೂರ್ತಿ ದುಡ್ಡು ಕೊಟ್ಟು ಕೊಳ್ಳುವವರಿಗೆ ಹೀಗಾಗುವುದೇ ಜಾಸ್ತಿ, ಕೇಳುವವರು ಯಾರೂ ಇರುವುದಿಲ್ಲ ನೋಡಿ.

ಈಗ ಮಾಡಬೇಕಾದದ್ದು. ಟಿಡಿಎಚ್‌ಸಿಎ ವೆಬ್‌ಸೈಟಿನಲ್ಲಿ ಮನೆಯ ಲೇಬಲ್ ನಂಬರ್ ಅಥವಾ ಸೀರಿಯಲ್ ನಂಬರ್ ಹಾಕಿದರೆ ದಾಖಲೆ ಬರುತ್ತೆ. ಯಾರ ಹೆಸರಿದೆ, ಯಾವುದಾದರೂ ಸಾಲ ಇನ್ನೂ ಕೂತಿದೆಯೇ, ತೆರಿಗೆ ಬಾಕಿಯ ಲೀನ್ ಇದೆಯೇ ನೋಡಿ. ಹಳೇ ಓನರ್ ಸಿಗುವಂತಿದ್ದರೆ ಇವತ್ತೇ ಫೋನ್ ಮಾಡಿ. ತಡ ಮಾಡಿದಷ್ಟೂ ಕಷ್ಟ. ಜನ ಊರು ಬಿಡುತ್ತಾರೆ, ಡೈವೋರ್ಸ್ ಆಗುತ್ತೆ, ತೀರಿಹೋಗುತ್ತಾರೆ, ಆಮೇಲೆ ಒಂದು ಸಹಿಗೆ ನಾಲ್ಕು ಜನ ವಾರಸುದಾರರ ಹಿಂದೆ ಅಲೆಯಬೇಕು. ಹಳೇ ಸಾಲ ತೀರಿದ್ದರೂ ದಾಖಲೆಯಿಂದ ತೆಗೆಸಿಲ್ಲದಿದ್ದರೆ ಆ ಕಂಪನಿಯಿಂದ ಬಿಡುಗಡೆ ಪತ್ರ ಬೇಕು. ಕಂಪನಿ ಮುಚ್ಚಿಹೋಗಿದ್ದರೆ ಅದನ್ನು ಕೊಂಡವರು ಯಾರು ಅಂತ ಹುಡುಕಬೇಕು. ಹಳೇ ಓನರ್ ಸಿಗದೇ ಹೋದರೆ ವಕೀಲರಿಲ್ಲದೆ ಆಗುವುದಿಲ್ಲ.

ಅರ್ಜಿ ಹಾಕುವಾಗ ಅದರಲ್ಲೇ ಮನೆಯನ್ನು ಸ್ಥಿರಾಸ್ತಿ ಅಂತ ಆಯ್ಕೆ ಮಾಡುವ ಜಾಗ ಇದೆ. ನೆಲ ನಿಮ್ಮದೇ ಆದ್ದರಿಂದ ಅದನ್ನೇ ಆರಿಸಿ. ಹೊಸ ಸ್ಟೇಟ್‌ಮೆಂಟ್ ಬಂದ ಮೇಲೆ ಕೆಲಸ ಮುಗಿಯಿತು ಅಂತ ಬೀರುವಿನಲ್ಲಿಡಬೇಡಿ! ಅದರ ಸರ್ಟಿಫೈಡ್ ಕಾಪಿಯನ್ನು 60 ದಿನದೊಳಗೆ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೆಲದ ದಾಖಲೆಗೆ ಸೇರಿಸಬೇಕು, ಸೇರಿಸಿದ್ದನ್ನು ಇಲಾಖೆಗೂ ತೆರಿಗೆ ಕಚೇರಿಗೂ ತಿಳಿಸಬೇಕು. ಈ ಮೂರೂ ಆದಾಗಲೇ ಎರಡು ಕಚೇರಿಗಳ ಲೆಕ್ಕ ಒಂದಾಗುವುದು.

ಅದಾದ ಮೇಲೆ ಟೈಟಲ್ ಕಂಪನಿಯನ್ನು ಟಿ-31 ಕೇಳಿ. ಟೆಕ್ಸಸ್‌ನಲ್ಲಿ ಮ್ಯಾನುಫ್ಯಾಕ್ಚರ್ಡ್ ಮನೆಗೆಂದೇ ಇರುವ ಎಂಡಾರ್ಸ್‌ಮೆಂಟ್ ಅದು, ಟಿ-31.1 ಅಂತ ಅದಕ್ಕೊಂದು ಪೂರಕವೂ ಇದೆ. ಬೇರೆ ರಾಜ್ಯಗಳಲ್ಲಿ ಇದೇ ಕೆಲಸಕ್ಕೆ ಆಲ್ಟಾ 7 ಅನ್ನುತ್ತಾರೆ. ಈ ಒಂದು ಹಾಳೆ ಪಾಲಿಸಿಗೆ ಸೇರಿದರೆ ಅಲ್ಲಿ ಜಾಗ ಅಂದಲ್ಲೆಲ್ಲಾ ಮನೆಯೂ ಸೇರಿತು ಅಂತ ಅರ್ಥ. ಪ್ರೀಮಿಯಂ ವಿಷಯಕ್ಕೆ ಕಂಪನಿಯಿಂದ ಕಂಪನಿಗೆ ಅಲೆಯಬೇಡಿ, ಟೆಕ್ಸಸ್‌ನಲ್ಲಿ ದರ ನಿಗದಿ ಮಾಡುವುದು ಸರ್ಕಾರ, ಎಲ್ಲಾ ಕಡೆ ಒಂದೇ. ಕಚೇರಿ ಶುಲ್ಕಗಳಲ್ಲಿ ಮಾತ್ರ ವ್ಯತ್ಯಾಸ ಇರುತ್ತೆ.

ಹಳೇ ಪಾಲಿಸಿಯಿಂದ ಏನಾದರೂ ಸಿಗುತ್ತಾ ಅಂತಲೂ ಕೇಳಿದ್ದೀರಿ. ಶೆಡ್ಯೂಲ್ ಬಿ ನೋಡಿ. ಜಾಗದ ಮೇಲಿರುವ ಮ್ಯಾನುಫ್ಯಾಕ್ಚರ್ಡ್ ಮನೆ ಇದಕ್ಕೆ ಸೇರಿಲ್ಲ ಅಂತ ಅಲ್ಲೇ ಬರೆದಿದ್ದರೆ ಆಸೆ ಬಿಡಿ. ಹಾಗೆ ಬರೆದಿಲ್ಲ, ಕ್ಲೋಸಿಂಗ್‌ನಲ್ಲಿ ಮನೆಯ ಕಾಗದ ನಾವೇ ಮಾಡಿಸುತ್ತೇವೆ ಅಂತ ಲಿಖಿತದಲ್ಲಿ ಒಪ್ಪಿಕೊಂಡಿದ್ದರು ಅಂದರೆ ಆ ಇಮೇಲ್ ಹಿಡಿದುಕೊಂಡು ವಕೀಲರನ್ನು ನೋಡಿ. ಬರೀ ಬಾಯಿಮಾತಿನ ಮೇಲೆ ಜಗಳಕ್ಕೆ ಹೋಗುವುದರಿಂದ ದುಡ್ಡು ದಂಡ.

ಪ್ರಶ್ನೆ: ನಾವು ನೋಡಿದ ಮನೆಯನ್ನು ಒಬ್ಬರು ಮಾಡ್ಯುಲರ್ ಅಂತಾರೆ, ಇನ್ನೊಬ್ಬರು ಮೊಬೈಲ್ ಹೋಮ್ ಅಂತಾರೆ. ಯಾರನ್ನು ನಂಬೋದು?
ರಾಲಿ, ನಾರ್ತ್ ಕ್ಯಾರೊಲೈನಾ

ಉತ್ತರ: ಇಬ್ಬರನ್ನೂ ಬೇಡ. ಮನೆಯನ್ನೇ ಒಂದು ಸುತ್ತು ಹಾಕಿ.

ಎಳೆದು ತರುವಾಗ ಹಿಂಬದಿಗೆ ಬರುವ ತುದಿಯಲ್ಲಿ, ಹೊರಗೋಡೆಯ ಕೆಳಭಾಗದಲ್ಲಿ, ಕೆಂಪು ಬಣ್ಣದ ಒಂದು ಲೋಹದ ಪಟ್ಟಿ ಇದೆಯಾ ನೋಡಿ. ಸುಮಾರು ಎರಡಿಂಚು ಅಗಲ, ನಾಲ್ಕಿಂಚು ಉದ್ದ, ರಿವೆಟ್ ಹೊಡೆದು ಕೂರಿಸಿರುತ್ತಾರೆ. ಅದರಲ್ಲಿ ಮೂರು ಅಕ್ಷರ, ಆರು ಅಂಕಿ. ಡಬಲ್‌ವೈಡ್ ಆದರೆ ಎರಡು ಭಾಗಕ್ಕೂ ಒಂದೊಂದು ಪಟ್ಟಿ. ಇದನ್ನು ಹಡ್ ಟ್ಯಾಗ್ ಅನ್ನುತ್ತಾರೆ, ಹಡ್ ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ವಸತಿ ಇಲಾಖೆ. ಒಳಗೆ ಅಡುಗೆಮನೆ ಕಪಾಟಿನ ಬಾಗಿಲ ಹಿಂದೆಯೋ, ಕರೆಂಟ್ ಪ್ಯಾನೆಲ್ ಪಕ್ಕದಲ್ಲೋ, ಬೆಡ್‌ರೂಮ್ ಕ್ಲಾಸೆಟ್‌ನಲ್ಲೋ ಡೇಟಾ ಪ್ಲೇಟ್ ಅಂತ ಒಂದು ಕಾಗದ ಅಂಟಿಸಿರುತ್ತಾರೆ, ಅದರಲ್ಲಿ ಸೀರಿಯಲ್ ನಂಬರು, ಕಟ್ಟಿದ ತಾರೀಕು, ಯಾವ ಗಾಳಿ ವಲಯಕ್ಕೆ ಕಟ್ಟಿದ್ದು ಅನ್ನುವುದೆಲ್ಲಾ ಇರುತ್ತೆ. ಎಷ್ಟೋ ಕಡೆ ಅದರ ಮೇಲೆ ಪೇಂಟ್ ಬಳಿದುಬಿಟ್ಟಿರುತ್ತಾರೆ.

ಕೆಂಪು ಪಟ್ಟಿ ಇದ್ದರೆ ಅದು ಮ್ಯಾನುಫ್ಯಾಕ್ಚರ್ಡ್ ಮನೆ, ಅಂದರೆ 1976ರ ಜೂನ್ 15ರಂದು ಜಾರಿಗೆ ಬಂದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಕಟ್ಟಿದ್ದು. ಅದಕ್ಕೂ ಹಿಂದಿನದಾದರೆ ಮೊಬೈಲ್ ಹೋಮ್, ಅದಕ್ಕೆ ಈ ಪಟ್ಟಿ ಇರುವುದಿಲ್ಲ, ಬಹಳಷ್ಟು ಬ್ಯಾಂಕಿನವರು ಸಾಲವನ್ನೂ ಕೊಡುವುದಿಲ್ಲ. ಮಾಡ್ಯುಲರ್ ಮನೆ ರಾಜ್ಯದ ಇಲ್ಲವೇ ಸ್ಥಳೀಯ ಕಟ್ಟಡ ನಿಯಮದ ಪ್ರಕಾರ ಕಟ್ಟಿದ್ದು, ಪಾಯದ ಮೇಲೆ ಕೂತ ಮೇಲೆ ಮಾಮೂಲಿ ಮನೆಯಂತೆಯೇ, ಟೈಟಲ್ ಇನ್ಶೂರೆನ್ಸ್‌ಗೂ ತಕರಾರಿಲ್ಲ. ಪಟ್ಟಿ ಕಿತ್ತುಹೋಗಿದ್ದರೆ ಹೊಸದು ಕೊಡುವುದಿಲ್ಲ. ಐಬಿಟಿಎಸ್ ಅನ್ನುವ ಸಂಸ್ಥೆ ಹಳೇ ದಾಖಲೆ ಹುಡುಕಿ, ಈ ಮನೆಗೆ ಇಂಥ ನಂಬರಿನ ಪಟ್ಟಿ ಇತ್ತು ಅಂತ ಪತ್ರ ಕೊಡುತ್ತೆ. ಸಾಮಾನ್ಯವಾಗಿ ಬ್ಯಾಂಕಿಗೂ ಟೈಟಲ್ ಕಂಪನಿಗೂ ಅದು ಸಾಕು.

ಪ್ರಶ್ನೆ: ಫ್ಲಾರಿಡಾದಲ್ಲಿ ಜಾಗ ಸಮೇತ ಡಬಲ್‌ವೈಡ್ ಕೊಳ್ಳುತ್ತಿದ್ದೇವೆ. ಮಾರುವವರು ಒಂದು ಟೈಟಲ್ ಕೊಟ್ಟಿದ್ದಾರೆ. ಟೈಟಲ್ ಕಂಪನಿ ಇನ್ನೊಂದು ಎಲ್ಲಿ ಅಂತ ಕೇಳುತ್ತಿದೆ. ಒಂದು ಮನೆಗೆ ಎರಡು ಯಾಕೆ?
ಟ್ಯಾಂಪಾ, ಫ್ಲಾರಿಡಾ

ಉತ್ತರ: ಮನೆ ಒಂದು, ಬಂದಿದ್ದು ಎರಡು ಭಾಗವಾಗಿ. ಫ್ಲಾರಿಡಾದಲ್ಲಿ ಪ್ರತಿ ಭಾಗಕ್ಕೂ ಬೇರೆ ಟೈಟಲ್. ವಿನ್ ನಂಬರು (ವಾಹನಕ್ಕಿರುವಂಥ ಗುರುತಿನ ಸಂಖ್ಯೆ) ನೋಡಿ, ಸಾಮಾನ್ಯವಾಗಿ ಒಂದರ ಕೊನೆಗೆ ಎ, ಇನ್ನೊಂದರ ಕೊನೆಗೆ ಬಿ ಅಂತ ಇರುತ್ತೆ. ಒಂದೇ ಟೈಟಲ್‌ಗೆ ಸಹಿ ಹಾಕಿಸಿಕೊಂಡು ಬಂದರೆ ಅಡುಗೆಮನೆ ನಿಮ್ಮದು, ಬೆಡ್‌ರೂಮ್ ಅವರದು! ತಮಾಷೆಗೆ ಹೇಳಿದೆ, ಆದರೆ ಕಾಗದದಲ್ಲಿ ನಿಜವಾಗಿಯೂ ಹಾಗೇ. ಹಳೇ ಸಾಲದ ಲೀನ್ ಒಂದು ಭಾಗದಿಂದ ತೆಗೆಸಿ ಇನ್ನೊಂದರಲ್ಲಿ ಹಾಗೇ ಉಳಿದಿರುವುದೂ ಉಂಟು. ಎರಡೂ ವಿನ್ ಕೊಟ್ಟು ಹುಡುಕಿಸಿ. ಕಳೆದುಹೋಗಿದ್ದರೆ ದಾಖಲೆಯಲ್ಲಿರುವ ಒಡೆಯರೇ ಕೌಂಟಿ ಟ್ಯಾಕ್ಸ್ ಕಲೆಕ್ಟರ್ ಕಚೇರಿಯಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಬೇಕು, ಅದನ್ನು ಕ್ಲೋಸಿಂಗ್‌ಗೆ ಮೊದಲೇ ಮಾಡಿಸಿ. ಕೈಗೆ ದುಡ್ಡು ಬಂದ ಮೇಲೆ ಯಾರೂ ಆ ಕಚೇರಿ ಮೆಟ್ಟಿಲು ಹತ್ತುವುದಿಲ್ಲ.

ಮನೆ ಮೇಲೆ ಆರ್‌ಪಿ ಡೆಕಲ್ ಅಂಟಿಸಿದ್ದಾರೆ, ಅಂದಮೇಲೆ ಸ್ಥಿರಾಸ್ತಿ ಆಯಿತಲ್ಲ ಅಂತಲೂ ಕೇಳಿದ್ದೀರಿ. ಆರ್‌ಪಿ ಡೆಕಲ್ ತೆರಿಗೆ ಲೆಕ್ಕಕ್ಕೆ. ನೆಲವೂ ಮನೆಯೂ ಒಬ್ಬರದೇ, ಆಸ್ತಿ ತೆರಿಗೆ ಎರಡಕ್ಕೂ ಸೇರಿಸಿ ಹಾಕುತ್ತಿದ್ದಾರೆ ಅಂತ ಅದು ಹೇಳುತ್ತೆ. ಟೈಟಲ್‌ಗಳನ್ನು ರದ್ದು ಮಾಡಿಸುವುದು ಬೇರೆಯೇ ಕೆಲಸ, ಅದಕ್ಕೆ ಬೇರೆ ಅರ್ಜಿ. ಡೆಕಲ್ ನೋಡಿ ನಿಶ್ಚಿಂತೆಯಾಗಬೇಡಿ.

ಪ್ರಶ್ನೆ: ನಮ್ಮದೇ ಜಾಗದಲ್ಲಿ ಮ್ಯಾನುಫ್ಯಾಕ್ಚರ್ಡ್ ಮನೆ ಇದೆ, ಡಿಎಂವಿ ಟೈಟಲ್ ಹಾಗೇ ಇದೆ. ಅದನ್ನು ರದ್ದು ಮಾಡಿಸಿ ಸ್ಥಿರಾಸ್ತಿ ಮಾಡಿಸು ಅಂತ ಅಣ್ಣ ಹೇಳ್ತಾನೆ. ಸುಮ್ನೆ ಖರ್ಚಲ್ವಾ?
ಗ್ರೀನ್ಸ್‌ಬರೋ, ನಾರ್ತ್ ಕ್ಯಾರೊಲೈನಾ

ಉತ್ತರ: ನಿಮ್ಮ ಅಣ್ಣ ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಚರಾಸ್ತಿಯಾಗಿ ಉಳಿದರೆ ಮನೆಗೆ ಸಿಗುವುದು ಚಾಟಲ್ ಸಾಲ. ಅದಕ್ಕೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ, ಕಂತು ತಪ್ಪಿದರೆ ವಾಹನದಂತೆ ಎಳೆದುಕೊಂಡು ಹೋಗುವ ಭಯ. ಸ್ಥಿರಾಸ್ತಿಯಾದರೆ ಮಾಮೂಲಿ ಮಾರ್ಟ್‌ಗೇಜ್, ಆಲ್ಟಾ 7 ಸೇರಿಸಿದ ಪಾಲಿಸಿ, ಮುಂದೆ ಮಾರುವಾಗ ಕೊಳ್ಳುವವರೂ ಜಾಸ್ತಿ ಸಿಗುತ್ತಾರೆ.

ನಿಮ್ಮ ರಾಜ್ಯದ ನಿಯಮ ಬಹಳ ಸ್ಪಷ್ಟವಾಗಿದೆ. ಎಳೆಯುವ ಕೊಂಡಿ, ಚಕ್ರ, ಆಕ್ಸಲ್ ಮೂರೂ ತೆಗೆದಿರಬೇಕು. ಶಾಶ್ವತ ಪಾಯದ ಮೇಲೆ ಕೂತಿರಬೇಕು. ಜಾಗ ನಿಮ್ಮದಾಗಿರಬೇಕು, ಇಲ್ಲವೇ ಕಡೇಪಕ್ಷ 20 ವರ್ಷದ ಲೀಸ್ ಇರಬೇಕು. ಇಷ್ಟಿದ್ದರೆ ಅಫಿಡವಿಟ್ ಜೊತೆ ಟೈಟಲ್ಲನ್ನು ಡಿಎಂವಿಗೆ ಒಪ್ಪಿಸಿ ರದ್ದು ಮಾಡಿಸಿ, ಅಫಿಡವಿಟ್‌ನ ಪ್ರತಿಯನ್ನು ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್‌ನಲ್ಲಿ ದಾಖಲು ಮಾಡಿಸಬೇಕು. ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆ ಬೇಕು.

ಬೇಡ ಅನ್ನುವುದು ಒಂದೇ ಸಂದರ್ಭದಲ್ಲಿ. ಮುಂದೆ ಮನೆಯನ್ನು ಕಿತ್ತು ಬೇರೆ ಜಾಗಕ್ಕೆ ಒಯ್ಯುವ ಯೋಚನೆ ಇದ್ದರೆ ಮಾಡಿಸಬೇಡಿ. ರದ್ದಾದ ಟೈಟಲ್ ಮತ್ತೆ ಹುಟ್ಟಿಸಲು ಇನ್ನೊಂದು ಸುತ್ತು ಅಲೆದಾಟ.

ಪ್ರಶ್ನೆ: ಚಕ್ರದ ಮೇಲಿನ ಟೈನಿ ಹೌಸ್‌ಗೆ ಟೈಟಲ್ ಇನ್ಶೂರೆನ್ಸ್?
ಪೋರ್ಟ್‌ಲ್ಯಾಂಡ್, ಆರೆಗಾನ್

ಉತ್ತರ: ಇಲ್ಲ. ಅದನ್ನು ಸಾಮಾನ್ಯವಾಗಿ ಆರ್‌ವಿ (ಉಳಿದುಕೊಳ್ಳಬಹುದಾದ ಪ್ರವಾಸಿ ವಾಹನ) ಅಥವಾ ಟ್ರೇಲರ್ ಅಂತ ನೋಂದಣಿ ಮಾಡುತ್ತಾರೆ. ಕೆಂಪು ಪಟ್ಟಿಯೂ ಇರುವುದಿಲ್ಲ, ಸ್ಥಿರಾಸ್ತಿ ಮಾಡಿಸುವುದೂ ಸುಲಭವಲ್ಲ. ವಾಹನದ ಟೈಟಲ್ ನೋಡಿ, ಲೀನ್ ನೋಡಿ, ಕೊಳ್ಳಿ.

ಪ್ರಶ್ನೆ: ನಮ್ಮ ತೋಟದಲ್ಲಿ ಕಂಟೇನರ್ ಮನೆ ತಂದಿಡಬೇಕು ಅಂತಿದ್ದೇನೆ. ಚಕ್ರದ ಮನೆ ಥರ ಇದೂ ಚರಾಸ್ತಿ ಆದ್ದರಿಂದ ಭೂ ಪರಿವರ್ತನೆ ಬೇಡ, ಖಾತೆ ಬೇಡ ಅಂತ ಮಾರುವವರು ಹೇಳುತ್ತಾರೆ. ಹೌದಾ?
ಚಿಕ್ಕಮಗಳೂರು

ಉತ್ತರ: ಅವರಿಗೆ ಕಂಟೇನರ್ ಖರ್ಚಾಗಬೇಕು, ಹೇಳುತ್ತಾರೆ. ಎರಡು ವಿಷಯ ಬೇರೆ ಬೇರೆ. ಅದು ಚರಾಸ್ತಿಯೋ ಸ್ಥಿರಾಸ್ತಿಯೋ ಅನ್ನುವುದಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ನೋಡುವುದು ನೆಲಕ್ಕೆ ಅಂಟಿಸಿದೆಯಾ, ಶಾಶ್ವತ ಬಳಕೆಗೆ ಅಂಟಿಸಿದೆಯಾ ಅಂತ. ಕಾಂಕ್ರೀಟ್ ಪಾಯಕ್ಕೆ ಬೋಲ್ಟ್ ಹಾಕಿ, ಕರೆಂಟು ನೀರು ಎಳೆದು, ಸೆಪ್ಟಿಕ್ ಟ್ಯಾಂಕ್ ಮಾಡಿಸಿ ಸಂಸಾರ ಹೂಡಿದರೆ ಅದನ್ನು ಚರಾಸ್ತಿ ಅಂತ ವಾದಿಸುವುದು ಕಷ್ಟ. ಭೂ ಪರಿವರ್ತನೆ ಕೇಳುವುದು ಬೇರೆ ಪ್ರಶ್ನೆ, ಕೃಷಿ ಭೂಮಿಯನ್ನು ಯಾವುದಕ್ಕೆ ಬಳಸುತ್ತಿದ್ದೀರಿ ಅಂತ. ಭೂ ಕಂದಾಯ ಕಾಯ್ದೆಯ 95ನೇ ಕಲಂ ಅದಕ್ಕೆ. ತೋಟದ ಸಾಮಾನು ಇಡಲು, ಆಳುಗಳು ಮಳೆಗೆ ನಿಲ್ಲಲು ಅಂದರೆ ಒಂದು ಮಾತು. ಹೋಂಸ್ಟೇ ಅಂತ ಬೋರ್ಡ್ ಹಾಕಿ ಬೆಂಗಳೂರಿನವರಿಗೆ ಬಾಡಿಗೆಗೆ ಕೊಡುತ್ತೇನೆ ಅಂದರೆ ಚಕ್ರ ಇದ್ದರೂ ತಹಶೀಲ್ದಾರರು ಕೇಳುತ್ತಾರೆ. ಕಂಟೇನರ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಪಹಣಿ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಒಮ್ಮೆ ಹೋಗಿಬನ್ನಿ.